ಟಿವಿ ಡಾಕ್ಟ್ರ ಮಾತು ಔಷಧಿ ಚೀಟಿ ಆಗೋದಿಲ್ಲ

ರಾಯಚೂರು: 'ಟಿವ್ಯಾಗ ಡಾಕ್ಟ್ರು ಹೇಳ್ಯಾರ, ಆ ಗುಳಿಗಿ ಕೊಡ್ರಿ' ಅಂತ ಗಿರಾಕಿ ಕೇಳಿದರೆ ದೇವದುರ್ಗ, ಮಾನ್ವಿಯ ಮೆಡಿಕಲ್ ಶಾಪ್‌ನವರು ಏನು ಮಾಡಬೇಕು? ಮೊದಲು ಟಿವಿ ಡಾಕ್ಟರ ಕೆಲಸ ಏನು ಅಂತ ನೋಡೋಣ.

ಕನ್ನಡದ ಟಿವಿಯಲ್ಲಿ ಮನೆಮಾತಾದ ವೈದ್ಯರೆಂದರೆ ಡಾ. ನಾ. ಸೋಮೇಶ್ವರ. ಆರೋಗ್ಯದ ಪುಸ್ತಕ, ಅಂಕಣ ಬರೆದವರು. 2002ರ ಜನವರಿಯಲ್ಲಿ ದೂರದರ್ಶನ ಚಂದನದಲ್ಲಿ ಶುರುವಾದ 'ಥಟ್ ಅಂತ ಹೇಳಿ' ಕ್ವಿಜ್ ಅವರನ್ನು ಮನೆಮನೆಗೆ ಮುಟ್ಟಿಸಿತು. ಸರಿಯುತ್ತರಕ್ಕೆ ಪುಸ್ತಕವೇ ಬಹುಮಾನ. ಸ್ವತಃ ವೈದ್ಯರಾದರೂ ಪರದೆ ಮೇಲೆ ಅವರು ಮಾಡಿದ್ದು ತಿಳಿವಳಿಕೆ ಹಂಚುವ ಕೆಲಸ.

ಆರೋಗ್ಯ ಕಾರ್ಯಕ್ರಮದ ವೈದ್ಯರದ್ದೂ ಅದೇ ಕೆಲಸ. ಸ್ಟುಡಿಯೋದಲ್ಲಿ ಕೂತವರು ನಿಮ್ಮ ಬಿಪಿ ನೋಡಿಲ್ಲ. ಈಗಾಗಲೇ ಯಾವ ಗುಳಿಗೆ ನುಂಗ್ತಿದ್ದೀರಿ ಅನ್ನೋದೂ ಅವರಿಗೆ ಗೊತ್ತಿಲ್ಲ. ಆದರೂ ಅವರ ಮಾತು ಸಣ್ಣದಲ್ಲ. ಹಾವು ಕಡಿದರೆ ಬಿಗಿಯಾಗಿ ಕಟ್ಟಬೇಡಿ, ಗಾಯ ಕೊಯ್ಯಬೇಡಿ, ಕಡಿದ ಕೈಕಾಲು ಅಲ್ಲಾಡಿಸದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಇಷ್ಟು ಕೇಳಿ ನೆನಪಿಟ್ಟರೂ ಗದ್ದೆಯಲ್ಲಿ ದುಡಿಯುವವರ ಜೀವ ಉಳಿದೀತು.

ಗುಳಿಗೆ ವಿಷಯಕ್ಕೆ ಕಾನೂನಿದೆ. ಶೆಡ್ಯೂಲ್ ಎಚ್ ಔಷಧಿಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಕೆಲವು ಆಂಟಿಬಯಾಟಿಕ್, ಟಿಬಿ ಔಷಧಿ, ನಿದ್ದೆ ಗುಳಿಗೆಗಳು ಇನ್ನೂ ಬಿಗಿಯಾದ ಎಚ್‌1 ಪಟ್ಟಿಯಲ್ಲಿವೆ. 2014ರ ಮಾರ್ಚ್ 1ರಿಂದ ಇದು ಜಾರಿಯಲ್ಲಿದೆ. ಇವನ್ನು ಮಾರಿದರೆ ಚೀಟಿ ಬರೆದ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಕೊಟ್ಟ ಪ್ರಮಾಣವನ್ನು ಬೇರೆ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಬೇಕು. ಟಿವಿ ಚಾನೆಲ್ ಹೆಸರು ಬರೆಯೋಕೆ ಅಲ್ಲಿ ಕಾಲಂ ಇಲ್ಲ.

ಟಿವಿಯಲ್ಲಿ ಕೇಳಿದ ಔಷಧಿ ಹೆಸರು ಗುರುತು ಹಾಕಿಕೊಂಡು ತಾಲೂಕು ಆಸ್ಪತ್ರೆಯ ಓಪಿಡಿಯಲ್ಲಿ ತೋರಿಸಿ, ನಿಮಗೆ ಒಗ್ಗುತ್ತದೋ ಇಲ್ಲವೋ ಅಲ್ಲಿನ ಡಾಕ್ಟ್ರು ನೋಡಿ ಹೇಳ್ತಾರೆ.