ಹಳೇ ಗೋಡೆಗೆ ಸಿಮೆಂಟ್ ಮೆತ್ತುವ ಮುನ್ನ

ಅಜ್ಜನ ಕಾಲದ ಮನೆ. ಗೋಡೆ ಉದುರ್ತಿದೆ. ಸಿಮೆಂಟ್ ಮೆತ್ತಿಬಿಡೋಣ ಅಂತೀರಾ? ಸ್ವಲ್ಪ ತಾಳಿ!

ಸುಣ್ಣದ ಗಾರೆ ಗೋಡೆಯ ತೇವವನ್ನ ಹೊರಗೆ ಬಿಡುತ್ತೆ. ಸಿಮೆಂಟ್ ಒಳಗೇ ಕಟ್ಟಿಹಾಕುತ್ತೆ. ಆಗ ನೀರಲ್ಲಿದ್ದ ಉಪ್ಪು ಹರಳುಗಟ್ಟಿ, ಇಟ್ಟಿಗೆ ಪುಡಿಪುಡಿ!

ಹಾಗಾದ್ರೆ ಸರಿಯಾದ ದಾರಿ? ಪಾರಂಪರಿಕ ಕಟ್ಟಡ ಉಳಿಸೋದನ್ನ ಕಲಿಸುವ ಕಿರು ಕೋರ್ಸ್‌ಗಳಿವೆ. ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಹೆರಿಟೇಜ್ ಅಕಾಡೆಮಿ ಕೂಡ ಇಂಥವನ್ನ ನಡೆಸುತ್ತೆ.

ಈ ಕೆಲಸದ ಮೂಲಪಾಠ ಇಷ್ಟು: ಮೊದಲು ಫೋಟೊ, ಅಳತೆ, ನಕ್ಷೆ. ಆಮೇಲೆ ತೇವ ಎಲ್ಲಿಂದ ಬರ್ತಿದೆ ಅಂತ ಪತ್ತೆ. ಸೂರಿನ ಹೆಂಚು ಒಡೆದಿದೆಯಾ? ಚರಂಡಿ ಕಟ್ಟಿಕೊಂಡಿದೆಯಾ? ಕರಣೆ ಹಿಡಿಯೋದು ಕೊನೆಗೆ.

ಇನ್ನೊಂದು ನಿಯಮ ಸ್ಮಾರಕ ಸಂರಕ್ಷಣೆ ಕುರಿತ 1964ರ ವೆನಿಸ್ ಸನ್ನದಿನದು: ಊಹೆ ಶುರುವಾಗುವ ಕಡೆ ಜೀರ್ಣೋದ್ಧಾರ ನಿಲ್ಲಬೇಕು. ಪುರಾವೆಯಿಲ್ಲದ ಕಮಾನು, ಕೆತ್ತನೆ ಸೇರಿಸೋ ಹಾಗಿಲ್ಲ.

ಮೇಸ್ತ್ರಿ ಬಂದಾಗ ಮೊದಲು ಕೇಳಿ: ಸುಣ್ಣದ ಗಾರೆ ಕಲಸೋಕೆ ಬರುತ್ತಾ?