ಅಭಿಚಾರವಿದ್ಯೆ ಮತ್ತು ಸಂದೇಹಿಯ ಕುತೂಹಲ

ಕಲಬುರಗಿಯಿಂದ ಸೇಡಂ ರಸ್ತೆಯಲ್ಲಿ ಸುಮಾರು 40 ಕಿ.ಮೀ. ಸಾಗಿದರೆ ಕಾಗಿಣಾ ನದಿಯ ದಡದಲ್ಲಿ ಮಳಖೇಡ ದೊರೆಯುತ್ತದೆ. ರಾಷ್ಟ್ರಕೂಟರ ಮಾನ್ಯಖೇಟವೆಂದೊಡನೆ ನೃಪತುಂಗ ಅಮೋಘವರ್ಷನೂ ಮಹಾಕವಿ ಪುಷ್ಪದಂತನೂ ವಿದ್ವಾಂಸರ ನೆನಪಿಗೆ ಬರುತ್ತಾರೆ. ಇದೇ ನಗರದಲ್ಲಿ ಶಕವರ್ಷ 861ರಲ್ಲಿ, ಎಂದರೆ ಕ್ರಿ.ಶ. 939ರಲ್ಲಿ, ಇಂದ್ರನಂದಿ ಯೋಗೀಂದ್ರರು ಜ್ವಾಲಿನೀಕಲ್ಪವನ್ನು ರಚಿಸಿದರೆಂಬ ಸಂಗತಿ ಮಾತ್ರ ಅಷ್ಟಾಗಿ ಪ್ರಸ್ತಾಪಕ್ಕೆ ಬರುವುದಿಲ್ಲ.

ಮಂತ್ರಸಾಧಕನ ಲಕ್ಷಣದಿಂದ ಆರಂಭವಾಗುವ ಈ ಕೃತಿ ದಿವ್ಯ ಹಾಗೂ ಅದಿವ್ಯ ಗ್ರಹಗಳ ವಿವೇಚನೆ, ಮಂಡಲ, ಭೂತಾಕಂಪನ ತೈಲ, ವಶ್ಯಪ್ರಯೋಗ, ನೀರಾಜನ ಮೊದಲಾದ ಪ್ರಕರಣಗಳಲ್ಲಿ ಮುಂದುವರಿಯುತ್ತದೆ. ಇದರ ಪೀಠಿಕಾಕಥೆ ಗಮನಾರ್ಹವಾದುದು. ದ್ರವಿಡಗಣದ ಹೇಲಾಚಾರ್ಯರ ಶಿಷ್ಯೆ ಕಮಲಶ್ರೀಗೆ ಬ್ರಹ್ಮರಾಕ್ಷಸನ ಬಾಧೆ ಉಂಟಾಯಿತು. ಆಚಾರ್ಯರು ವಹ್ನಿದೇವಿಯನ್ನು ಆರಾಧಿಸಿ ಆಕೆಯನ್ನು ಬಿಡಿಸಿದರು. ಈ ವಿದ್ಯೆಯ ಮೂಲದಲ್ಲಿ ರಾಜ್ಯಲೋಭವಿಲ್ಲ, ಶತ್ರುನಾಶದ ಆಸೆಯಿಲ್ಲ; ಇರುವುದು ಪೀಡಿತಳಾದ ಒಬ್ಬ ಸ್ತ್ರೀ. ಅದೇ ಗ್ರಂಥದಲ್ಲಿ ವಶ್ಯಪ್ರಯೋಗವೂ ಸ್ಥಾನ ಪಡೆದುದು ಹೇಗೆಂಬ ಪ್ರಶ್ನೆ ಸಂಪಾದಕನನ್ನು ಕಾಡದೆ ಬಿಡದು.

ಇದಾದ ಇಪ್ಪತ್ತು ವರ್ಷಗಳಲ್ಲಿ, ಕ್ರಿ.ಶ. 959ರಲ್ಲಿ, ಅದೇ ಸಾಮ್ರಾಜ್ಯದ ಸಾಮಂತರಾದ ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿ ಸೋಮದೇವಸೂರಿಗಳ ಯಶಸ್ತಿಲಕ ಮುಗಿಯಿತು. ಸೋಮದೇವರು ಇಂಥ ಆಚರಣೆಗಳ ವಿಷಯದಲ್ಲಿ ಸಂದೇಹಿಗಳು. ಸಂದೇಹಿ ಎಂಬುದು ಸೌಮ್ಯವಾದ ಮಾತೇ ಆಯಿತು. ಸೂರ್ಯನಿಗೆ ಅರ್ಘ್ಯ, ಗ್ರಹಣಸ್ನಾನ, ಸಂಕ್ರಾಂತಿಯ ದಾನ ಇವೆಲ್ಲ ಅವರ ಮೂಢತೆಗಳ ಪಟ್ಟಿಯಲ್ಲಿವೆ. (2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿಯ ಸಮೀಪದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕತ್ತಿನವರೆಗೆ ಮಣ್ಣಿನಲ್ಲಿ ಹೂಳಿದುದನ್ನು ನೆನೆದರೆ ಆ ಪಟ್ಟಿ ಹಳತಾಯಿತೆನ್ನಲಾಗದು.) ಮೂರು ಲೋಕಗಳ ಸ್ವಾಮಿಯನ್ನೂ ವ್ಯಂತರ ದೇವತೆಗಳನ್ನೂ ಪೂಜೆಯಲ್ಲಿ ಸಮನಾಗಿ ಕಾಣುವವನು ಅಧೋಗತಿಗೆ ಇಳಿಯುವನೆಂಬುದು ಅವರ ಸ್ಪಷ್ಟ ನಿಲುವು. ಶಾಸನದೇವತೆಗಳಿಗೆ ಸಲ್ಲುವುದು ಶಾಸನರಕ್ಷಣೆಯ ಮಟ್ಟಿನ ಗೌರವ ಮಾತ್ರ.

ಹೀಗಿದ್ದೂ ಚಂಡಮಾರಿಯ ಗುಡಿಯನ್ನು ವರ್ಣಿಸುವಾಗ ಅವರ ಲೇಖನಿ ಅವಸರಪಡುವುದಿಲ್ಲ. ತಲೆಯ ಮೇಲೆ ಗುಗ್ಗುಳ ಉರಿಸುವವರು, ತಮ್ಮ ರಕ್ತವನ್ನು ತಾವೇ ಕುಡಿಯುವವರು, ತಮ್ಮ ಮೈಯ ಮಾಂಸವನ್ನು ಕತ್ತರಿಸಿ ಬೆಲೆಗೆ ಮಾರುವ ಮಹಾವ್ರತಿಗಳು, ಎಲ್ಲರೂ ಒಬ್ಬೊಬ್ಬರಾಗಿ ಕಣ್ಣಮುಂದೆ ನಿಲ್ಲುತ್ತಾರೆ. ವಿದ್ಯಾಧರರನ್ನು ಗೆಲ್ಲುವ ಖಡ್ಗದ ಆಸೆ ತೋರಿಸಿ ರಾಜ ಮಾರಿದತ್ತನನ್ನು ಬಲಿಗೆ ಪ್ರೇರಿಸುವ ವೀರಭೈರವನ ಚಿತ್ರವೂ ಅಷ್ಟೇ ನಿಖರ. ಕಥೆಯ ಅಹಿಂಸಾತತ್ತ್ವಕ್ಕೆ ಇಷ್ಟು ವಿವರ ಬೇಕಿರಲಿಲ್ಲ. ಖಂಡಿಸಬೇಕಾದುದನ್ನು ಕೂಲಂಕಷವಾಗಿ ಅರಿಯುವ ಹಂಬಲ ಇಲ್ಲಿ ಕೆಲಸ ಮಾಡಿದೆ. ಆ ಹಂಬಲದಲ್ಲಿ ಒಂದಿಷ್ಟು ಆಕರ್ಷಣೆಯೂ ಬೆರೆತಿದೆಯೆಂದರೆ ಆಚಾರ್ಯರಿಗೆ ಅಗೌರವವಾಗದು. ಕೆ. ಕೆ. ಹಂಡಿಕಿ ಅವರು 1949ರಲ್ಲಿ ಸೋಲಾಪುರದಿಂದ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ಆ ಕಾಲದ ಉಗ್ರಪಂಥಗಳ ಇತಿಹಾಸಕ್ಕೆ ಈ ವರ್ಣನೆಗಳನ್ನೇ ಸಾಕ್ಷ್ಯವಾಗಿ ಬಳಸಿಕೊಂಡರು. ಶುಭಚಂದ್ರರ ಜ್ಞಾನಾರ್ಣವದಲ್ಲಿಯೂ ಇದೇ ರೀತಿ. ವಶ್ಯ, ಆಕರ್ಷಣ, ವಿದ್ವೇಷ, ಮಾರಣ, ಉಚ್ಚಾಟನ, ಸ್ತಂಭನ, ರಸಕರ್ಮಗಳಲ್ಲಿ ತೊಡಗಿದ ಮುನಿಗಳನ್ನು ನಿಂದಿಸುವ ಭಾಗವೇ ಆ ಕರ್ಮಗಳ ಸುದೀರ್ಘ ಸೂಚಿಯಾಗಿದೆ.

ಮಳಖೇಡವನ್ನು ದಾಟಿ ಅದೇ ರಸ್ತೆಯಲ್ಲಿ ಮುಂದುವರಿದರೆ ಸೇಡಂ. 12ನೆಯ ಶತಮಾನದ ಅಲ್ಲಿಯ ಬಸದಿಯ ಶಾಸನ ಆ ಊರಿನ ಮುನ್ನೂರು ಮಹಾಜನರನ್ನು ಹೊಗಳುವಾಗ ಅವರ ಜ್ವಾಲಿನೀದೇವಿಯ ಸಾಧನೆಯನ್ನೂ, ಕಾಂಚಿಯ ಬಾಗಿಲುಗಳನ್ನು ಭೇದಿಸಿದ ಅಭಿಚಾರ ಹೋಮವನ್ನೂ ಗುಣಗಳಾಗಿ ಎಣಿಸುತ್ತದೆ. ಕಾಂಚಿಯ ಬಾಗಿಲು ಹೋಮದಿಂದ ಮುರಿಯಿತೇ ಎಂದು ಕೇಳುವುದು ವ್ಯರ್ಥ. ಆ ಹೆಮ್ಮೆಯನ್ನು ಶಾಂತಿನಾಥ ಜಿನಾಲಯದ ದಾನಶಾಸನದಲ್ಲಿ ಮುಚ್ಚುಮರೆಯಿಲ್ಲದೆ ಕೆತ್ತಿಸಿದುದು ಮುಖ್ಯ. ಇಂದ್ರನಂದಿಗಳ ಗ್ರಂಥ ಕೈಯಲ್ಲಿಲ್ಲದೆ ಈ ಬಿರುದುಗಳ ಅರ್ಥ ತೆರೆದುಕೊಳ್ಳುವುದಿಲ್ಲ.

ಆದುದರಿಂದ ಭಂಡಾರಗಳ ಕಲ್ಪಗ್ರಂಥಗಳನ್ನು ಮುಜುಗರದಿಂದ ಬದಿಗಿಡುವವರೂ, ಸಿದ್ಧಿಯ ಗಂಟೆಂದು ಗುಟ್ಟಾಗಿ ಕಾಯುವವರೂ ಒಂದೇ ಬಗೆಯ ನಷ್ಟವನ್ನುಂಟುಮಾಡುತ್ತಾರೆ. ಓಲೆಯ ಅಂಚಿನ ಯಂತ್ರಗಳನ್ನೂ ಬೀಜಾಕ್ಷರಗಳನ್ನೂ ಬಿಟ್ಟು ಪದ್ಯಭಾಗವನ್ನಷ್ಟೇ ನಕಲು ಮಾಡುವ ಕ್ರಮ ಸಂಪಾದನೆಗೆ ಒಪ್ಪುವಂಥದಲ್ಲ. ಪಾಠಾಂತರಗಳು ಹೆಚ್ಚು ನುಸುಳುವುದು ಅಲ್ಲಿಯೇ: ಅರ್ಥವಿಲ್ಲದ ಅಕ್ಷರವನ್ನು ತಿದ್ದಿಕೊಳ್ಳಲು ಲಿಪಿಕಾರನಿಗೆ ವ್ಯಾಕರಣದ ಆಸರೆ ಇರುವುದಿಲ್ಲ.