ಶರ್ಲಿ ಎಂದರೆ ಅವನೋ, ಅವಳೋ?

ಗಂಡನ ಹೆಸರು ಈವ್ಲಿನ್. ಹೆಂಡತಿಯ ಹೆಸರೂ ಈವ್ಲಿನ್!

1928ರಲ್ಲಿ ಇಂಗ್ಲೆಂಡಿನ ಕಾದಂಬರಿಕಾರ ಈವ್ಲಿನ್ ವಾ, ಈವ್ಲಿನ್ ಗಾರ್ಡ್‌ನರ್ ಎಂಬಾಕೆಯನ್ನು ಮದುವೆಯಾದಾಗ ಫಜೀತಿಗೆ ಸಿಕ್ಕಿದವರು ಅವರ ಗೆಳೆಯರು. ಒಬ್ಬರನ್ನು ಕೂಗಿದರೆ ಇಬ್ಬರೂ ಓಗೊಡಬೇಕು. ಕೊನೆಗೆ ‘ಗಂಡು ಈವ್ಲಿನ್’, ‘ಹೆಣ್ಣು ಈವ್ಲಿನ್’ ಎಂದು ವಿಂಗಡಿಸಿ ಕರೆಯತೊಡಗಿದರು. ಆ ದಾಂಪತ್ಯ ಮರುವರ್ಷವೇ ಮುರಿದುಬಿತ್ತು. ಪಾಪ, ಅದರಲ್ಲಿ ಹೆಸರಿನ ತಪ್ಪೇನೂ ಇರಲಿಲ್ಲ.

ಇಂಥ ಫಜೀತಿ ಗೊತ್ತಿದ್ದರೂ ಗಂಡಿಗೂ ಹೆಣ್ಣಿಗೂ ಸಲ್ಲುವ ಇಂಗ್ಲಿಷ್ ಹೆಸರನ್ನೇ ಹುಡುಕಿ ಮಗುವಿಗೆ ಇಡುವ ತಂದೆ-ತಾಯಂದಿರಿದ್ದಾರೆ. ಟೇಲರ್, ಜೋರ್ಡನ್, ರಾಬಿನ್, ಅಲೆಕ್ಸ್... ಕೆಲವರಿಗೆ ಕಾರಣ ಸರಳ: ಮಗು ಹುಟ್ಟುವ ಮೊದಲೇ ಹೆಸರು ನಿಶ್ಚಯ ಮಾಡಿ ನಿಶ್ಚಿಂತರಾಗಬಹುದು. ಇನ್ನು ಕೆಲವರ ಲೆಕ್ಕ ದೂರದ್ದು. ನಾಳೆ ಮಗಳು ನೌಕರಿಗೆ ಅರ್ಜಿ ಹಾಕಿದರೆ ಅವಳಿಗಿಂತ ಮೊದಲು ಅವಳ ಹೆಸರು ಅಧಿಕಾರಿಯ ಮೇಜಿಗೆ ಹೋಗುತ್ತದೆ. ‘ಓ, ಹುಡುಗಿಯೇ?’ ಎಂದು ಆ ಕಾಗದ ಪಕ್ಕಕ್ಕೆ ಸರಿಯದಿರಲಿ ಎಂಬುದು ಅವರ ಆಸೆ.

ಈ ಆಸೆ ಹೊಸದಲ್ಲ. ಇಂಗ್ಲೆಂಡಿನ ಹಾವರ್ತ್ ಎಂಬ ಹಳ್ಳಿಯಲ್ಲಿದ್ದ ಪಾದ್ರಿಯ ಮೂವರು ಹೆಣ್ಣುಮಕ್ಕಳು 1846ರಲ್ಲಿ ತಮ್ಮ ಕವನಗಳನ್ನು ಅಚ್ಚು ಹಾಕಿಸಿದಾಗ ಪುಸ್ತಕದ ಮೇಲಿದ್ದ ಹೆಸರುಗಳು ಕರರ್, ಎಲಿಸ್ ಮತ್ತು ಆಕ್ಟನ್ ಬೆಲ್. ಶಾರ್ಲೆಟ್, ಎಮಿಲಿ ಮತ್ತು ಆನ್ ಬ್ರಾಂಟೆ ತಮ್ಮ ಹೆಸರಿನ ಮೊದಲಕ್ಷರವನ್ನಷ್ಟೇ ಉಳಿಸಿಕೊಂಡಿದ್ದರು. ಬರೆದವರು ಹೆಂಗಸರೆಂದು ತಿಳಿದರೆ ವಿಮರ್ಶಕರ ತಕ್ಕಡಿಯೇ ಬೇರೆಯಾಗುತ್ತದೆ ಎಂಬ ಅಳುಕು. ಹಾಗೆಂದು ಅಪ್ಪಟ ಗಂಡು ಹೆಸರು ಇಟ್ಟುಕೊಳ್ಳಲೂ ಮನಸ್ಸು ಒಪ್ಪಲಿಲ್ಲ. ಅದಕ್ಕೇ ಎರಡಕ್ಕೂ ಸಲ್ಲುವಂಥವನ್ನು ಆರಿಸಿಕೊಂಡರು. ನೂರೈವತ್ತು ವರ್ಷ ಕಳೆದ ಮೇಲೂ ಈ ಅಳುಕು ಹೋಗಿರಲಿಲ್ಲ. 1997ರಲ್ಲಿ ‘ಹ್ಯಾರಿ ಪಾಟರ್’ ಮೊದಲ ಪುಸ್ತಕ ಹೊರಬರುವಾಗ, ಹೆಂಗಸು ಬರೆದದ್ದೆಂದರೆ ಹುಡುಗರು ಓದಲಿಕ್ಕಿಲ್ಲ ಎಂದು ಪ್ರಕಾಶಕರು ಜೋನ್ ರೋಲಿಂಗ್ ಅವರಿಗೆ ಇನಿಷಿಯಲ್ ಹಾಕಿಕೊಳ್ಳಲು ಹೇಳಿದರು. ಆಕೆಗಿದ್ದುದು ಒಂದೇ ಹೆಸರು. ಅಜ್ಜಿ ಕ್ಯಾಥ್ಲೀನ್‌ಳಿಂದ ಒಂದಕ್ಷರ ಕಡ ಪಡೆದು ಜೆ.ಕೆ. ಆದರು.

ತಮಾಷೆಯೆಂದರೆ, ಹೆಸರು ಮರೆಸಿಕೊಂಡ ಶಾರ್ಲೆಟ್ ಬ್ರಾಂಟೆಯೇ ಒಂದು ಗಂಡು ಹೆಸರನ್ನು ಹುಡುಗಿಯರಿಗೆ ದಾಟಿಸಿಬಿಟ್ಟಳು. 1849ರ ಅವಳ ಕಾದಂಬರಿ ‘ಶರ್ಲಿ’. ಗಂಡುಮಗು ಬೇಕೆಂದಿದ್ದ ತಂದೆ-ತಾಯಿ, ಹುಟ್ಟಿದ್ದು ಹೆಣ್ಣಾದರೂ ಗಂಡಿಗೆಂದು ಇದ್ದ ಹೆಸರನ್ನೇ ಇಟ್ಟರೆಂಬುದು ಕಥಾನಾಯಕಿಯ ಹಿನ್ನೆಲೆ. ಅಂದಿನ ಓದುಗರಿಗೆ ಆ ಹೆಸರು ವಿಚಿತ್ರವಾಗಿ ಕೇಳಿಸಿರಬೇಕು. 1930ರ ದಶಕದಲ್ಲಿ ಗುಂಗುರು ಕೂದಲಿನ ಬಾಲನಟಿ ಶರ್ಲಿ ಟೆಂಪಲ್ ತೆರೆಯ ಮೇಲೆ ಕುಣಿಯುವ ಹೊತ್ತಿಗೆ ಅಮೆರಿಕದಲ್ಲಿ ಎಲ್ಲೆಲ್ಲೂ ಶರ್ಲಿಯರೇ. ಇಂದು ಗಂಡುಮಗುವಿಗೆ ಆ ಹೆಸರಿಡುವ ಧೈರ್ಯ ಯಾರಿಗಿದೆ?

ಹೆಸರುಗಳು ಹೀಗೆ ದಾಟುವುದು ಹೇಗೆ? ಶರ್ಲಿ, ಆಶ್ಲಿ ಇವೆಲ್ಲ ಮೊದಲು ಊರುಗಳ ಹೆಸರು. ಬಳಿಕ ಮನೆತನದ ಹೆಸರು. ಟೇಲರ್ ಎಂದರೆ ನಮ್ಮ ದರ್ಜಿಯೇ! ಮನೆತನದ ಹೆಸರಿಗೆ ಗಂಡು-ಹೆಣ್ಣೆಂಬುದಿಲ್ಲ. ಅದನ್ನು ಮೊದಲು ಗಂಡುಮಕ್ಕಳಿಗೆ ಇಟ್ಟರು, ಆಮೇಲೆ ಹೆಣ್ಣುಮಕ್ಕಳಿಗೂ ಬಂತು. ಆದರೆ ಒಂದು ಹೆಸರು ಹುಡುಗಿಯರಲ್ಲಿ ಹೆಚ್ಚಿತೆಂದರೆ ಗಂಡುಮಕ್ಕಳ ತಂದೆ-ತಾಯಿ ಮೆಲ್ಲನೆ ಹಿಂದೆ ಸರಿಯುತ್ತಾರೆ. ಮಗಳು ಗಂಡು ಹೆಸರಿಟ್ಟುಕೊಂಡರೆ ಚುರುಕು, ಮಗ ಹೆಣ್ಣು ಹೆಸರಿಟ್ಟುಕೊಂಡರೆ ಶಾಲೆಯಲ್ಲಿ ಗೇಲಿ! ಆದ್ದರಿಂದ ಇದು ಬಹುಮಟ್ಟಿಗೆ ಒಮ್ಮುಖ ರಸ್ತೆ. ಕುದುರೆಯೇರಿ ಬಂದೂಕು ಹಿಡಿದು ಗಂಡಸುತನಕ್ಕೇ ಹೆಸರಾದ ಹಾಲಿವುಡ್ ನಟ ಜಾನ್ ವೇನ್‌ಗೆ 1907ರಲ್ಲಿ ಹುಟ್ಟಿದಾಗ ಇಟ್ಟ ಹೆಸರು ಮರಿಯನ್. ಆ ಹೆಸರಿನಲ್ಲಿ ಕೌಬಾಯ್ ಆಗುವುದು ಸಾಧ್ಯವಿಲ್ಲವೆಂದೋ ಏನೋ, ಸ್ಟುಡಿಯೋದವರು ಬದಲಾಯಿಸಿಬಿಟ್ಟರು.

ಆಶ್ಲಿಯ ಕಥೆ ಇನ್ನೂ ಸೊಗಸು. 1939ರ ‘ಗಾನ್ ವಿತ್ ದ ವಿಂಡ್’ ಚಿತ್ರದಲ್ಲಿ ಆಶ್ಲಿ ಗಂಡಸು. 1991 ಮತ್ತು 1992ರಲ್ಲಿ ಅಮೆರಿಕದಲ್ಲಿ ಹೆಣ್ಣುಮಕ್ಕಳಿಗೆ ಅತಿ ಹೆಚ್ಚು ಇಟ್ಟ ಹೆಸರು ಅದೇ! ಆದರೆ ಇಂಗ್ಲೆಂಡಿನಲ್ಲಿ ಅದು ಹುಡುಗರ ಕೈಬಿಡಲಿಲ್ಲ. 2001ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕುಳಿತವರು ಒಬ್ಬ ಆಶ್ಲಿಯನ್ನು ಮರೆತಿರಲಾರರು. ಲೆಗ್ ಸ್ಟಂಪಿನ ಹೊರಗೇ ಚೆಂಡು ಹಾಕಿ ಹಾಕಿ, 90 ರನ್ ಗಳಿಸಿದ್ದ ಸಚಿನ್ ತೆಂಡೂಲ್ಕರ್ ಟೆಸ್ಟ್‌ನಲ್ಲಿ ಮೊದಲ ಸಲ ಸ್ಟಂಪ್ ಔಟ್ ಆಗುವಂತೆ ಮಾಡಿದ ಆಶ್ಲಿ ಜೈಲ್ಸ್ ಆತ. ಇಂದಿನ ಕ್ರಿಕೆಟ್ ಅಭಿಮಾನಿಗೆ ಆಶ್ಲಿ ಎಂದೊಡನೆ ನೆನಪಾಗುವುದು ಆಸ್ಟ್ರೇಲಿಯಾದ ಮಹಿಳಾ ಆಲ್‌ರೌಂಡರ್ ಆಶ್ಲಿ ಗಾರ್ಡ್‌ನರ್. ಕಾಗುಣಿತ ಬೇರೆ, ಕೂಗಿದರೆ ಒಂದೇ.

ಈ ಕಾಗುಣಿತದ ಉಪಾಯ ಹಳೆಯದು. ಬ್ರಿಟನ್ನಿನಲ್ಲಿ ಲೆಸ್ಲಿ ಹುಡುಗನಾದರೆ ಕೊನೆಗೆ ‘ಐ-ಇ’, ಹುಡುಗಿಯಾದರೆ ‘ಇ-ವೈ’. ಕನ್ನಡದಲ್ಲಿ ಬರೆದರೆ ಆ ಭೇದವೂ ಮಾಯ! ಇದಕ್ಕಿಂತ ಭದ್ರವಾದ ದಾರಿ ಮೊಟಕು ಹೆಸರು. ದಾಖಲೆಯಲ್ಲಿ ಸ್ಯಾಮ್ಯುಯೆಲ್ ಅಥವಾ ಸಮಾಂತಾ, ಬಾಯಲ್ಲಿ ಬರೀ ಸ್ಯಾಮ್. ಅಲೆಕ್ಸಾಂಡರ್ ಮತ್ತು ಅಲೆಕ್ಸಾಂಡ್ರಾ ಇಬ್ಬರೂ ಅಲೆಕ್ಸ್. ಫ್ಯಾಷನ್ ಅತ್ತಿತ್ತ ವಾಲಿದರೂ ಹಿಂದೆ ಪೂರ್ಣ ಹೆಸರಿನ ಆಸರೆ ಇದ್ದೇ ಇರುತ್ತದೆ. ಬೆಳೆದ ಮೇಲೆ ಯಾವುದು ಬೇಕೋ ಅದನ್ನು ಮಗುವೇ ಆರಿಸಿಕೊಳ್ಳಬಹುದು.

ಇಂಗ್ಲೆಂಡ್, ಅಮೆರಿಕಗಳಲ್ಲಿ ಇದು ಮನೆಯವರ ಇಷ್ಟ. ಜರ್ಮನಿಯಲ್ಲಿ ಹಾಗಿರಲಿಲ್ಲ. ಅಲ್ಲಿ ಹೆಸರು ಕೇಳಿದೊಡನೆ ಗಂಡೋ ಹೆಣ್ಣೋ ತಿಳಿಯಬೇಕೆಂದು ನೋಂದಣಿ ಅಧಿಕಾರಿಗಳು ಪಟ್ಟು ಹಿಡಿಯುತ್ತಿದ್ದರು. ಭಾರತದ ನಂಟಿದ್ದ ಒಂದು ಕುಟುಂಬ ಮಗಳಿಗೆ ಇಡಬಯಸಿದ ಹೆಸರು ಹೀಗೇ ತಿರಸ್ಕೃತವಾಯಿತು. ಆ ಹೆಸರು ಯಾವುದು ಗೊತ್ತೇ? ಕಿರಣ್! ವಿಕೆಟ್ ಕೀಪರ್ ಕಿರಣ್ ಮೋರೆ, ಪೊಲೀಸ್ ಅಧಿಕಾರಿಯಾಗಿದ್ದ ಕಿರಣ್ ಬೇಡಿ ಇಬ್ಬರನ್ನೂ ಬಲ್ಲ ನಮಗೆ ಇದರಲ್ಲಿ ತೊಡಕೇನೂ ಕಾಣದು. ಕನ್ನಡದಲ್ಲಂತೂ ‘ಕಿರಣ್ ಬಂದ’, ‘ಕಿರಣ್ ಬಂದಳು’ ಎಂದು ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುತ್ತದೆ. ‘ಬಂದರು’ ಎಂದರೆ ಮಾತ್ರ ಗುಟ್ಟು ಉಳಿದೀತು. ಜರ್ಮನಿಯ ತಂದೆ-ತಾಯಿ ಸಂವಿಧಾನ ನ್ಯಾಯಾಲಯದವರೆಗೂ ಹೋದರು. ಹೆಸರಿನಿಂದಲೇ ಗಂಡು-ಹೆಣ್ಣು ತಿಳಿಯಬೇಕೆಂಬ ನಿಯಮ ಕಾನೂನಿನಲ್ಲಿ ಎಲ್ಲಿಯೂ ಇಲ್ಲವೆಂದು 2008ರಲ್ಲಿ ಆ ನ್ಯಾಯಾಲಯ ತೀರ್ಪು ಕೊಟ್ಟಿತು.